ಕಾರವಾರದ ದಾರಿಯಲ್ಲಿ ಸಿಗದ ಪೆಟ್ರೋಲ್

ಹುಬ್ಬಳ್ಳಿ,
ಫೆಬ್ರುವರಿ ಮೂವತ್ತು, ೨೨೦೩

ಪೂಜ್ಯ ಚನ್ನವೀರಜ್ಜನಿಗೆ, ನಿನ್ನ ಮರಿಮಗಳ ಮರಿಮಗಳಾದ ಬೆಳವಲಿ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡ. ನಮ್ಮ ಕಾಲದವರು ಕ್ಯಾಲೆಂಡರ್ ತಿದ್ದಿ, ಫೆಬ್ರುವರಿಗೂ ಉಳಿದ ತಿಂಗಳುಗಳಷ್ಟೇ ಮರ್ಯಾದೆ ಕೊಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ಹಿಂದಂಚೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ, ನಮಗೆ ಆಯುಷ್ಯಕ್ಕೆ ಒಂದೇ ಪತ್ರ ಕಳಿಸುವ ಅವಕಾಶ. ನನ್ನ ಗೆಳತಿಯರು ತಮ್ಮ ಪತ್ರಗಳನ್ನು ರಾಜರಿಗೂ ರಾಣಿಯರಿಗೂ ಬರೆದು ಮುಗಿಸಿದರು. ನಾನು ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನಿನಗೆ ಬರೆಯುತ್ತಿದ್ದೇನೆ, ಅದೂ ಪೆಟ್ರೋಲಿನ ವಿಷಯವಾಗಿ ಎಂದು ಕೇಳಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಮ್ಮಲ್ಲಿ ಪೆಟ್ರೋಲ್ ಇಲ್ಲ. ಗಾಡಿಗಳು ರಸ್ತೆಯಿಂದಲೇ ಕರೆಂಟು ಹೀರಿಕೊಂಡು ಓಡುತ್ತವೆ. ಅಂಥ ರಸ್ತೆಗೆ ನಾವು ಉಣಿಸುದಾರಿ ಎನ್ನುತ್ತೇವೆ. ಬೆಳಿಗ್ಗೆ ಉಣಕಲ್ ಕೆರೆಯ ಪಕ್ಕದ ಉಣಿಸುದಾರಿಯಲ್ಲಿ ಕೆಲಸಕ್ಕೆ ಹೋಗುವಾಗ ನೀರುಕೋಳಿಗಳ ಸದ್ದೂ ಮಂಡಕ್ಕಿ ಗಿರಮಿಟ್ಟು ಮಾರುವವನ ಕೂಗೂ ಸ್ಪಷ್ಟವಾಗಿ ಕೇಳಿಸುತ್ತವೆ. ಗಿರಮಿಟ್ಟು ಇನ್ನೂ ಇದೆ, ನಿಶ್ಚಿಂತನಾಗಿರು. ನನ್ನ ಕೆಲಸ ಹಳೆಗಾಡಿಮನೆಯಲ್ಲಿ. ನಿಮ್ಮ ಕಾಲದ ವಾಹನಗಳನ್ನು ಒರೆಸಿ, ಎಣ್ಣೆ ಹಚ್ಚಿ, ಶಾಲೆಯ ಮಕ್ಕಳಿಗೆ ತೋರಿಸುತ್ತೇನೆ. ಅಲ್ಲಿ ಎಲ್ಲಕ್ಕಿಂತ ಚೆಂದದ ಗಾಡಿ ನಿನ್ನ ನೀಲಿ ಸ್ಕೂಟರ್. ಎಂಜಿನ್ ಬಿಚ್ಚಿದರೆ ಒಳಗೆ ಮಸಿಯಿಲ್ಲ, ಟೈರು ಸವೆದಿಲ್ಲ, ಹಿಂದಿನ ಸೀಟಿನಲ್ಲಿ ಯಾರೂ ಕೂತ ಗುರುತೇ ಇಲ್ಲ. ಬಂದವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ನನಗೂ ಅದೆಂದರೆ ಜೀವ. ಆದರೆ ಅದು ಯಾಕೆ ಅಷ್ಟು ಹೊಸದಾಗಿ ಉಳಿಯಿತು ಎನ್ನುವುದು ಗೊತ್ತಿರುವುದರಿಂದ, ಒರೆಸುವಾಗಲೆಲ್ಲ ನಿನ್ನ ಮೇಲೆ ಸಿಟ್ಟೂ ಬರುತ್ತದೆ.

ನಮ್ಮ ಮನೆಯಲ್ಲಿ ಆ ಕಥೆ ತಾಯಿಯಿಂದ ಮಗಳಿಗೆ ಬಂದಿದೆ. ನಿನ್ನ ಹೆಂಡತಿ ನೀಲಮ್ಮಜ್ಜಿ ಸಮುದ್ರ ನೋಡಿದವಳಲ್ಲ. ಬಸ್ಸಿನಲ್ಲಿ ಹೊರಟರೆ ಘಟ್ಟದ ತಿರುವುಗಳಲ್ಲಿ ಅವಳಿಗೆ ವಾಂತಿ. ಸ್ಕೂಟರ್ ತಂದ ದಿನ, ಮುಖಕ್ಕೆ ಗಾಳಿ ಬಡಿಸಿಕೊಳ್ಳುತ್ತ ಹೋಗೋಣ, ಕಾರವಾರ ತೋರಿಸುತ್ತೇನೆ ಎಂದು ನೀನೇ ಮಾತು ಕೊಟ್ಟೆ. ಆಮೇಲೆ ನಿನ್ನ ಮಡಿ ಶುರುವಾಯಿತು. ಮನೆ ಎದುರಿನ ಸೂಪರ್‌ಮಾರ್ಕೆಟ್ಟಿನ ಪಕ್ಕದಲ್ಲೇ ಬಂಕ್ ಇದ್ದರೂ ಅಲ್ಲಿನ ಸಾದಾ ಪೆಟ್ರೋಲ್ ನಿನ್ನ ಗಾಡಿಗೆ ಸೋಂಕಬಾರದು. ಊರಾಚೆಯ ದೊಡ್ಡ ಬಂಕಿನ ದುಬಾರಿ ಪ್ರೀಮಿಯಮ್ಮೇ ಆಗಬೇಕು. ಅದನ್ನು ಟ್ಯಾಂಕ್ ತುಂಬಿಸಿದರೆ ಕಾರವಾರದವರೆಗೆ ಸಾಕು, ವಾಪಸು ಬರಲು ಸಾಲದು. ಆ ದಾರಿಯಲ್ಲಿ ಪ್ರೀಮಿಯಂ ಸಿಗುವುದಿಲ್ಲವೆಂದು ಯಾರೋ ಲಾರಿಯವರು ಹೇಳಿದರಂತೆ. ಅಷ್ಟಕ್ಕೇ ಪ್ರಯಾಣವನ್ನು ದೀಪಾವಳಿಗೆ, ದೀಪಾವಳಿಯಿಂದ ಸಂಕ್ರಾಂತಿಗೆ ತಳ್ಳುತ್ತ ಬಂದೆ. ಅಜ್ಜಿ ಒಮ್ಮೆ ಕೇಳಿದಳಂತೆ:

“ಸಮುದ್ರ ನೋಡಾಕಿ ನಾನೋ, ನಿಮ್ಮ ಗಾಡಿನೋ?”

ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಅವಳಿಗೆ ಆಸೆ ಹೋಯಿತೆಂದು ನೀನು ತಿಳಿದೆ. ಹೋಗಿರಲಿಲ್ಲ. ಸಮುದ್ರ ನೋಡದೆಯೇ ಅವಳು ತೀರಿಕೊಂಡಳು, ಅಜ್ಜ. ಆಮೇಲೆ ನೀನು ಆ ಗಾಡಿಯನ್ನು ಹೊರಗೇ ತೆಗೆಯಲಿಲ್ಲ.

ನಿನ್ನದು ಬರೀ ಹುಚ್ಚು ಎನ್ನಲಾರೆ. ನಿಮ್ಮ ಕಾಲದ ಎರಡೂ ಬಗೆಯ ಪೆಟ್ರೋಲನ್ನು ನಾವು ಪ್ರಯೋಗಕ್ಕೆಂದು ತಯಾರಿಸಿ, ನಿನ್ನದರಂಥದೇ ಇನ್ನೊಂದು ಸ್ಕೂಟರಿನಲ್ಲಿ ಓಡಿಸಿ ನೋಡಿದೆವು. ಪ್ರೀಮಿಯಮ್ಮಿನಲ್ಲಿ ಎಂಜಿನ್ ತೊಳೆಯುವ ಮದ್ದು ತುಸು ಹೆಚ್ಚಿರುತ್ತದೆ, ಅದು ಸುಳ್ಳಲ್ಲ. ಅದರಲ್ಲೂ ಕೆಲವು ಪೆಟ್ರೋಲ್‌ಗಳು ಜೋರಾಗಿ ಓಡುವ ದೊಡ್ಡ ಎಂಜಿನ್ನುಗಳಿಗೆಂದೇ ಆದಂಥವು. ನಿನ್ನ ಪುಟ್ಟ ಸ್ಕೂಟರಿಗೆ ಗಾಡಿ ಮಾಡಿದ ಕಂಪನಿಯವರೇ ಸಾದಾ ಸಾಕು ಎಂದಿದ್ದಾರೆ. ಓಟದಲ್ಲಾಗಲಿ ಮೈಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಮಗೆ ಕಾಣಲಿಲ್ಲ. ವಾಪಸು ಬರುವಾಗ ಒಂದು ಸಲ ಸಾದಾ ಪೆಟ್ರೋಲ್ ಕುಡಿದರೆ ಅದಕ್ಕೆ ಜ್ವರ ಬರುವುದಿಲ್ಲ. ಬದಲಿಗೆ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದರೆ ಟ್ಯಾಂಕಿನಲ್ಲಿರುವ ಎಷ್ಟೇ ದುಬಾರಿ ಪೆಟ್ರೋಲೂ ಕೆಡುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಕಾಲದಲ್ಲಿ ಕಾರವಾರದ ಆ ಮರಳ ದಂಡೆ ಇಲ್ಲ. ನೀರು ಏರಿ ಅದನ್ನು ನುಂಗಿದೆ. ಈಗ ಎತ್ತರದ ತಡೆಗೋಡೆಯ ಮೇಲೆ ನಿಂತು ಕೆಳಗೆ ನೋಡಬೇಕು, ಅಷ್ಟೇ. ಬರಿಗಾಲಲ್ಲಿ ಅಲೆಯಲ್ಲಿ ನಿಲ್ಲುವುದು ಹೇಗಿರುತ್ತದೋ ನನಗೆ ಗೊತ್ತಿಲ್ಲ. ನೀಲಮ್ಮಜ್ಜಿಗಾದರೂ ಗೊತ್ತಾಗಲಿ.

ಅವಳು ಇನ್ನೂ ಬದುಕಿರುವ ದಿನಕ್ಕೇ ಈ ಪತ್ರ ಕಳಿಸುತ್ತಿದ್ದೇನೆ. ಇದು ನಿನ್ನ ಕೈ ಸೇರುವಾಗ ಅವಳು ಒಳಗೆ ರೊಟ್ಟಿ ಬಡಿಯುತ್ತಿರಬೇಕು. ಕಟ್ಟಿಸಿಕೊಂಡು ಹೊರಡು. ಅರಬೈಲ್ ಘಟ್ಟ ಇಳಿಯುವಾಗ ನಿಧಾನ, ಅವಳು ನಿನ್ನ ಹೆಗಲು ಹಿಡಿದುಕೊಳ್ಳಲಿ. ಪೆಟ್ರೋಲ್ ಮುಗಿಯುತ್ತ ಬಂದರೆ ಮೊದಲು ಸಿಕ್ಕ ಬಂಕಿನಲ್ಲಿ ತುಂಬಿಸು. ಹಾಗೆಯೇ ಗೋಕರ್ಣ, ಮುರ್ಡೇಶ್ವರ, ಅವಳು ಕೇಳಿದಲ್ಲಿಗೆಲ್ಲ ಓಡಿಸಿ ಓಡಿಸಿ ಆ ಗಾಡಿಯನ್ನು ಸವೆಸಿಬಿಡು. ಕೊನೆಗೆ ಗುಜರಿಗೆ ಹೋದರೂ ಚಿಂತೆಯಿಲ್ಲ. ನನಗೆ ಅದು ಬೇಡವೆಂದಲ್ಲ, ತುಂಬ ಬೇಕು. ಆದರೂ ನಾಳೆ ಬೆಳಿಗ್ಗೆ ನಾನು ಹಳೆಗಾಡಿಮನೆಯ ಬಾಗಿಲು ತೆರೆದಾಗ ಆ ಜಾಗ ಖಾಲಿ ಇರಲಿ, ಅಲ್ಲೇನಿತ್ತೆಂಬುದು ನನಗೆ ನೆನಪೂ ಇಲ್ಲದಿರಲಿ.

ನಿನ್ನ ಮನೆಯ ಮಗಳು,
ಬೆಳವಲಿ