ಬಾಗುವ ಕವಚ

ಮಾರ್ಚ್ ೩, ಬೆಳಿಗ್ಗೆ

ಅಡುಗೆಮನೆಯ ಮೇಜು ಇವತ್ತೂ ನಮ್ಮದಲ್ಲ. ಚಹಾ ಕಿಟಕಿ ಕಟ್ಟೆಯ ಮೇಲೆ. ಸೊಸೆ ಬೆಗಾಯಿಮ್ ಪ್ಲಾಸ್ಟಿಕ್ ಹಾಳೆ ಕೊಯ್ಯುತ್ತಿದ್ದಾಳೆ — ಉಕ್ಕಿನ ಸ್ಕೇಲ್ ಒತ್ತಿಹಿಡಿದು ಚಾಕುವಿನಲ್ಲಿ ಗೀರು, ಗೀರಿನ ಮೇಲೆ ಗೀರು, ಆಮೇಲೆ ಮೇಜಿನಂಚಿಗೆ ಇಟ್ಟು ಒಂದು ಒತ್ತು. ಟಕ್. ಯಾವ ತಬಲೆಗೂ ಇಲ್ಲದ ಸದ್ದು.

ಹಾಳೆ ಯಾವುದೋ ಹಲ್ಲಿನ ಡಾಕ್ಟರ ಹಳೆಯ ಬೋರ್ಡು. ಹಿಂಬದಿ ತುಂಬ ಹಲ್ಲಿನ ಚಿತ್ರ. ಇದರಿಂದ ವೀರಕನ್ಯೆಯ ಕವಚ ಆಗಬೇಕಂತೆ, ಹದಿನಾರರ ಭಾನುವಾರ ಬಿಷ್ಕೆಕ್‌ನಲ್ಲಿ ನಡೆಯುವ ವೇಷಗಳ ಮೇಳಕ್ಕೆ. ಮದುವೆಯಾಗಿ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

ಆಯುಷ್ಯವೆಲ್ಲ ರಂಗದ ಮೇಲೆ ಗುಡುಗಿದವಳು ನಾನು — ಎಲ್ಲವೂ ಅಳುವ ತಾಯಿಯ ಪಾತ್ರ. ಕವಚ ತೊಟ್ಟವರು ಬೇರೆಯವರು. ಚಾಕು ಇತ್ತ ಕೊಡು ಅಂದೆ.

“ನಿಧಾನ ಅತ್ತೆ, ಕುರಿ ಅಲ್ಲ ಅದು.”

ಮಾರ್ಚ್ ೬

ಎದೆಗವಚ ಒಂದೇ ತುಂಡು, ಕತ್ತಿನಿಂದ ತೊಡೆಯವರೆಗೆ. ಬಿಸಿಗಾಳಿ ಊದಿ, ಮೆತ್ತಗಾದ ಕೂಡಲೇ ಬೋರಲು ಹಾಕಿದ ಪಲಾವಿನ ಕಡಾಯಿಯ ಮೇಲೆ ಇಬ್ಬರೂ ಒತ್ತಿ ಹಿಡಿದೆವು. ಸೊಗಸಾಗಿ ಬಾಗಿತು. ಊಟಕ್ಕೆ ಇವತ್ತು ಕವಚವೋ ಎಂದರು ನಮ್ಮವರು. ಬ್ರೆಡ್ಡು ತಿಂದು ಮಲಗಿದರು.

ಮಾರ್ಚ್ ೭

ತಾಲಾಸ್‌ನಿಂದ ಫೋನ್. ನಮ್ಮವರ ಅಕ್ಕ ಉಮ್ಸುನಾಯ್ ಹದಿನೈದರ ಶನಿವಾರ ಬರುತ್ತಾರೆ. ಭಾನುವಾರ ನೆಂಟರನ್ನೆಲ್ಲ ಕರೆದು ಹೊಸ ಸೊಸೆಯ ಕೈಯ ಚಹಾ ಕುಡಿಸಬೇಕಂತೆ. ಮೇಳದ ಅದೇ ಭಾನುವಾರ. ಅವರ ಮಾತಿಗೆ ಈ ಮನೆಯಲ್ಲಿ ಎದುರುಮಾತಿಲ್ಲ. ಸಭೆ ನಡುಗಿಸಿದ ನನ್ನ ಗಂಟಲು ಫೋನಿನಲ್ಲಿ ಬೆಕ್ಕಿನಮರಿ.

ಬೆಗಾಯಿಮ್ ಕೊಯ್ಯುತ್ತಲೇ ಇದ್ದಳು...

ಮಾರ್ಚ್ ೮

ಮಹಿಳಾ ದಿನ ಅಂತ ನಮ್ಮವರು ಹೂ ಹಿಡಿದು ಒಳಗೆ ಬಂದರು. ಕವಚ ತೊಟ್ಟು ನೋಡುತ್ತಿದ್ದವಳು ರೂಢಿಯಂತೆ ಮಾವನಿಗೆ ಕೈಕಟ್ಟಿ ಬಾಗಿದಳು. ಕೆಳಗಿನ ಅಂಚು ತೊಡೆಗೆ ಊರಿತು, ಮೇಲಿನ ಅಂಚು ಗಲ್ಲಕ್ಕೆ ಬಡಿಯಿತು. ನಾಲಿಗೆ ಕಚ್ಚಿಕೊಂಡಳು, ಪಾಪ. ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದವರು ನಾವೇ! ಸೊಸೆ ಎಂದರೆ ಬಾಗುವವಳು, ಅದು ಇಬ್ಬರಿಗೂ ಹೊಳೆಯಲಿಲ್ಲ.

ಮೇಳದಲ್ಲಿ ಯಾರಿಗೂ ಬಾಗಬೇಕಿಲ್ಲ ಅಂದಳು. ಚಹಾದ ಗೊಂದಲ ಹೇಗೋ ತಪ್ಪಿಸಿದರೂ, ಮನೆಯಿಂದ ಹೊರಡುವಾಗ? ಹಿರಿಯರೆದುರು ಕಂಬದಂತೆ ನಿಂತರೆ ಉಮ್ಸುನಾಯ್ ಹೊಸ್ತಿಲು ದಾಟಲು ಬಿಟ್ಟಾರೆಯೇ?

ನಡುವನ್ನು ಅಡ್ಡಡ್ಡ ಪಟ್ಟಿಗಳಾಗಿ ಸೀಳಬೇಕು, ಒಳಗೆ ಎಲಾಸ್ಟಿಕ್ ಕೊಟ್ಟು ಒಂದರ ಮೇಲೊಂದು ಕೂರಿಸಬೇಕು, ಮೀನಿನ ಪೊರೆಯ ಹಾಗೆ. ಅವಳ ಕೈ ಏಳಲಿಲ್ಲ. ನಾನೇ ಕೊಯ್ದೆ. ಕಣ್ಣು ಮುಚ್ಚಿಕೊಂಡಳು.

ಮಾರ್ಚ್ ೧೪, ಮಧ್ಯಾಹ್ನ

ಉಮ್ಸುನಾಯ್ ಒಂದು ದಿನ ಮೊದಲೇ ಬಂದುಬಿಟ್ಟರು. ಬಾಗಿಲು ತೆರೆದವಳು ಬೆಗಾಯಿಮ್ — ಪೂರ್ತಿ ಕವಚದಲ್ಲಿ. ಕೈಕಟ್ಟಿದಳು, ಬಾಗಿದಳು. ಪಟ್ಟಿಗಳು ಒಂದರೊಳಗೊಂದು ಜಾರಿದವು, ಟಕಟಕಟಕ. ಕೊನೆಯದು ಮಗುಚಿ ಡಾಕ್ಟರ ಹಲ್ಲು ಹೊರಗೆ ಇಣುಕಿತು.

ಅತ್ತಿಗೆ ಚೀಲ ಕೆಳಗಿಡಲಿಲ್ಲ.

“ಇನ್ನೊಂದ್ಸಲ ಬಾಗು, ಮಗಳೇ.”

ಬಾಗಿದಳು. ಟಕಟಕಟಕ.

“ಹೊಟ್ಟೇಲಿ ಹಲ್ಲು ಯಾಕೆ?”

“ಎದುರಾದೋರನ್ನ ತಿನ್ನೋಕೆ, ದೊಡ್ಡತ್ತೆ.”

ತಲೆವಸ್ತ್ರ ಜಾರುವಷ್ಟು ನಕ್ಕರು. ನನ್ನ ದನಿ ವಾಪಸ್ ಬಂತು. ಮೇಳ, ಭಾನುವಾರ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಚಹಾ ಮುಗಿಸಿ, “ನೆಂಟರೆಲ್ಲ ಅಲ್ಲಿಗೇ ಬರ್ಲಿ ಬಿಡು. ಚಹಾನ ಫ್ಲಾಸ್ಕಲ್ಲಿ ಹೊತ್ಕೊಂಡು ಹೋದ್ರಾಯ್ತು,” ಅಂದರು.

ಮಾರ್ಚ್ ೧೬, ಬೆಳಿಗ್ಗೆ

ಫ್ಲಾಸ್ಕುಗಳು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬೋರ್ಸೋಕ್, ಬೀದಿಯಲ್ಲಿ ನೆಂಟರ ದಂಡು. ಉಳಿದ ತುಂಡುಗಳಲ್ಲಿ ಬೆಗಾಯಿಮ್ ನನಗೆ ತಿಳಿಯದಂತೆ ಎರಡು ಹೆಗಲ ತಟ್ಟೆ ಕೊಯ್ದಿದ್ದಾಳೆ. ನನಗೆ. ಅವಳೇ ಕಟ್ಟಿದಳು. ಕನ್ನಡಿಯ ಮುಂದೆ ನಿಂತೆ, ಈ ಸಲ ಕವಚ ತೊಟ್ಟವಳು — ನಾನು! ಕೆಳಗಿನಿಂದ ಅತ್ತಿಗೆ ಕರೆಯುತ್ತಿದ್ದಾರೆ. ಬರೆಯಲು ಕೈ ಎತ್ತಿದರೆ ತಟ್ಟೆ ಕಿವಿಗೆ ತಾಗಿ ಟಕ್—