ಖಣದ ಜೇಬಿನ ಅಂಗಿ

ಬಿಟಿಎಂ ಎರಡನೇ ಹಂತ,
17 ಜುಲೈ 2025, ಗುರುವಾರ

ಪ್ರೀತಿಯ ಇಂಚರಾ,

ನಿನಗೆ ಕಾಗದದ ಮೇಲೆ ಬರೆಯಬೇಕಾಗುತ್ತದೆ ಎಂದು ನಾನು ಎಂದೂ ಅಂದುಕೊಂಡಿರಲಿಲ್ಲ. ನಿನ್ನ ಫೋನು ಸ್ವಿಚ್ ಆಫ್ ಆಗಿದೆ. ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ಕಿನಲ್ಲಿ ನಿಂತಿವೆ. ನೀನು ಮೈಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದೀಯ ಎಂದು ನಿಮ್ಮಮ್ಮ ವಿಮಲಾ ಆಂಟಿಯೇ ಹೇಳಿದರು. ಹೋದ ವರ್ಷ ನಿನ್ನ ದೊಡ್ಡಮ್ಮನಿಗೆ ರವಿಕೆ ಹೊಲಿದು ಕೊರಿಯರ್ ಮಾಡಿದ್ದೆನಲ್ಲ, ಆ ವಿಳಾಸ ನನ್ನ ಬಳಿ ಇತ್ತು. ಅಲ್ಲಿಗೇ ಇದನ್ನು ಕಳಿಸುತ್ತಿದ್ದೇನೆ. ಪೂರ್ತಿ ಓದು. ಬೈಯುವುದಿದ್ದರೆ ಓದಿ ಮುಗಿಸಿದ ಮೇಲೆ ಬೈಯಿ.

ಆ ಅಜ್ಜಿಯ ಹೆಸರು ಲಕ್ಷ್ಮಿದೇವಮ್ಮ. ನಿನಗೆ ಇದನ್ನು ಯಾರೂ ಹೇಳಿರಲಾರರು. ಕುಮಾರಸ್ವಾಮಿ ಲೇಔಟಿನಲ್ಲಿ ಎರಡು ಮನೆಗೆ ಅಡುಗೆ ಮಾಡಿಕೊಡುತ್ತಾರೆ. ಗಂಡ ತೀರಿಹೋಗಿ ಬಹಳ ಕಾಲವಾಯಿತು. ಲಕ್ಕಪ್ಪ ಎಂದು ಒಬ್ಬನೇ ಮಗ, ಗ್ಯಾರೇಜಿನಲ್ಲಿ ಕೆಲಸ. ಅಜ್ಜಿ ಇನ್ನೂ ಐಸಿಯುನಲ್ಲೇ ಇದ್ದಾರೆ. ಕಣ್ಣು ಬಿಡುತ್ತಾರೆ, ಆದರೆ ಯಾರನ್ನೂ ಗುರುತಿಸುವುದಿಲ್ಲ.

ಆ ಭಾನುವಾರದಿಂದ ನಾನು ಹೊಲಿಗೆ ಮಿಷನ್ ಮೇಲೆ ಕೂತಿಲ್ಲ. ಸೈಕಲ್ಲಂತೂ ಪೊಲೀಸರ ಹತ್ತಿರ ಇದೆ. ಕುಷ್ಟಗಿಯಿಂದ ಬಂದು ಈ ಊರಿನಲ್ಲಿ ಆಫೀಸು, ರೂಮು ಬಿಟ್ಟರೆ ಬೇರೇನೂ ಇರದಿದ್ದ ನನಗೆ ಇವೆರಡನ್ನೂ ಕೊಟ್ಟವಳು ನೀನು. ನಾನೇ ಹೊಲಿದುಕೊಂಡ ಕುರ್ತಾ ನೋಡಿ, ಆಫೀಸಿನ ಊಟದ ಮೇಜಿನ ಹತ್ತಿರ ತೋಳು ಹಿಡಿದು ತಿರುಗಿಸಿ ಹೊಲಿಗೆ ಪರೀಕ್ಷಿಸಿದ್ದೆ. ಅದೇ ವಾರ ಜಯನಗರದ ನಿಮ್ಮ ಮನೆಗೆ ಕರೆದುಕೊಂಡು ಹೋಗಿ, ಮಹಡಿಯ ಕೋಣೆಯಲ್ಲಿ ಹಳೆಯ ಬೆಡ್‌ಶೀಟ್ ಹೊದಿಸಿಟ್ಟಿದ್ದ ಆಂಟಿಯ ಕಾಲು ಮಿಷನ್ ತೋರಿಸಿದೆ. ಅಲ್ಲಿಂದ ಶುರುವಾಯಿತಲ್ಲ ನಮ್ಮ ಜಗ್ಗಾಟ. ಶನಿವಾರ ಹೊಲಿಗೆ, ಭಾನುವಾರ ನಿಮ್ಮ ಗುಂಪಿನ ಜೊತೆ ಸೈಕಲ್. ಶನಿವಾರ ಹೊತ್ತು ಮೀರಿ ಹೊಲಿದರೆ ಮಾರನೆಯ ದಿನ ಕನಕಪುರ ರಸ್ತೆಯ ಏರಿನಲ್ಲಿ ಕಾಲು ಬರುತ್ತಿರಲಿಲ್ಲ. ಭಾನುವಾರ ದೂರ ಹೋದರೆ ವಾರವಿಡೀ ಕತ್ತು ಬಗ್ಗಿಸಿ ಬಟ್ಟೆ ಕತ್ತರಿಸಲು ಆಗುತ್ತಿರಲಿಲ್ಲ. 'ಒಂದನ್ನಾದ್ರೂ ನೆಟ್ಟಗೆ ಮಾಡ್ರೇ' ಎಂದು ಆಂಟಿ ಬೈಯುತ್ತಲೇ ಅವಲಕ್ಕಿ ತಂದಿಡುತ್ತಿದ್ದರು. ನಿಮ್ಮಪ್ಪ ಅನಂತಪದ್ಮನಾಭ ಅಂಕಲ್ ಪೇಪರಿನಿಂದ ತಲೆ ಎತ್ತದೆ ನಗುತ್ತಿದ್ದರು. ಇಂಚರಾ, ಆ ಮನೆಯನ್ನು ನಾನು ನನ್ನದೇ ಅಂದುಕೊಂಡಿದ್ದೆ.

ಸೈಕಲ್ ಗುಂಪು ನಡೆಸುವ ಸುಶ್ರುತ ಎಲ್ಲರಿಗೂ ನೀಲಿ ಜೆರ್ಸಿ ತರಿಸಿದಾಗ ನಾನೊಬ್ಬಳೇ ಬೇಡ ಎಂದೆ. ಒಂದು ವರ್ಷ ಅಂಗಡಿಯ ಬಟ್ಟೆ ತೊಡುವುದಿಲ್ಲ ಎಂದು ನನಗೆ ನಾನೇ ಹಟ ಹಾಕಿಕೊಂಡಿದ್ದೆ. ನಾಲ್ಕನೇ ಬ್ಲಾಕಿನ ಕಟ್ ಪೀಸ್ ಅಂಗಡಿಯಲ್ಲಿ ಸಾಸಿವೆ ಹಳದಿಯ ಬಟ್ಟೆ ತಂದು, ಬಗ್ಗಿದಾಗ ಸೊಂಟ ಕಾಣದಂತೆ ಹಿಂಭಾಗ ಉದ್ದ ಬಿಟ್ಟು, ಫೋನಿಡಲು ಬೆನ್ನ ಮೇಲೆ ಖಣದ ಜೇಬು ಹಚ್ಚಿದೆ. ಅದಕ್ಕೆ ನಮ್ಮವ್ವನ ಕುಪ್ಪಸದ ಖಣ ಉಳಿದಿತ್ತು. ಆ ಅಂಗಿ ತೊಟ್ಟು ಬಂದ ದಿನ ಸುಶ್ರುತ ಗುಂಪಿನ ಫೋಟೋ ಹಾಳಾಯಿತು ಎಂದರು. ನೀನು ಮಾತ್ರ ನನ್ನ ಹಿಂದೆ ಹಿಂದೆ ಬಂದು, ಈ ಜೇಬು ನೋಡಿಕೊಂಡೇ ದಾರಿ ಹಿಡಿಯುತ್ತೇನೆ ಎಂದಿದ್ದೆ.

ಈಗ ನೀನು ಹೋದ ಮೇಲೆ ಏನಾಯಿತು ಎಂದು ಬರೆಯುತ್ತೇನೆ.

ಆ ಭಾನುವಾರ ಬೆಳಿಗ್ಗೆ ಇಳಿಜಾರಿನಲ್ಲಿ ನೀನೂ ಸುಶ್ರುತರೂ ಮುಂದೆ ಇದ್ದಿರಿ. ಜಿಟಿಜಿಟಿ ಮಳೆ ಬಂದು ನಿಂತಿತ್ತು. ನನ್ನದು ಗೇರಿಲ್ಲದ ಹಳೆಯ ಸೈಕಲ್ಲು, ಎಂದಿನಂತೆ ಕೊನೆಯಲ್ಲಿದ್ದೆ. ನಿಂತಿದ್ದ ಗೂಡ್ಸ್ ಟೆಂಪೋ ಪಕ್ಕದಿಂದ ಲಕ್ಷ್ಮಿದೇವಮ್ಮ ಹಾಲಿನ ಚೀಲ ಹಿಡಿದು ರಸ್ತೆಗೆ ಇಳಿದದ್ದನ್ನು ಮೇಲಿನಿಂದಲೇ ನೋಡಿದೆ. ನಿನ್ನ ಬ್ರೇಕಿನ ಸದ್ದೂ ಕೇಳಿಸಿತು. ನಿನ್ನ ಹ್ಯಾಂಡಲ್ ಅವರ ಭುಜಕ್ಕೆ ತಗುಲಿತು, ಅವರು ತಿರುಗಿ ಬಿದ್ದರು, ತಲೆ ಫುಟ್‌ಪಾತಿನ ಕಲ್ಲಿಗೆ ಹೊಡೆಯಿತು. ನೀನು ಓಲಾಡಿದೆ, ಬೀಳಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಹಿಂದೆ ನೋಡಿದೆ. ಆಗ ಸುಶ್ರುತ 'ನಡಿ, ನಡಿ, ನಿಲ್ಬೇಡ' ಎಂದರು. ನೀನು ಹೋದೆ. ನಿನ್ನ ಹಿಂದೆ ಎಲ್ಲರೂ ಹೋದರು.

ನಾನು ನಿಂತು, ಕೊರಳಿಗೆ ಕಟ್ಟಿಕೊಂಡಿದ್ದ ಸ್ಕಾರ್ಫು ಬಿಚ್ಚಿ ಅವರ ತಲೆಗೆ ಒತ್ತಿ ಹಿಡಿದೆ. ಮೊದಲ ಆಟೋದವನು ನೋಡಿ ನಿಲ್ಲಿಸದೆ ಹೋದ, ಎರಡನೆಯವನು ಹತ್ತಿಸಿಕೊಂಡ. ನನ್ನ ಸೈಕಲ್ಲು ಅಲ್ಲೇ ಗೋಡೆಗೆ ಒರಗಿತ್ತು. ದಾರಿಯಲ್ಲಿ ಲಕ್ಷ್ಮಿದೇವಮ್ಮನಿಗೆ ಎಚ್ಚರವಿತ್ತು. ನನ್ನ ಮೊಣಕೈ ಹಿಡಿದುಕೊಂಡು 'ಹಾಲು ಒಡ್ದೋಯ್ತಾ ನೋಡವ್ವ, ಪಾಪು ಎದ್ದಿರ್ತದೆ' ಎಂದರು. ಲಕ್ಕಪ್ಪನಿಗೆ ಸಣ್ಣ ಮಗುವಿದೆ. ಹಾಲು ಇದೆ ಎಂದು ಸುಳ್ಳು ಹೇಳಿದೆ. ಪ್ಯಾಕೆಟ್ಟುಗಳು ರಸ್ತೆಯ ಮೇಲೆ ಒಡೆದು ಬಿದ್ದಿದ್ದವು. ಆಸ್ಪತ್ರೆಯ ಬಾಗಿಲು ತಲುಪುವಷ್ಟರಲ್ಲಿ ಅವರ ಮಾತು ನಿಂತುಹೋಯಿತು.

ಲಕ್ಕಪ್ಪ ಬಂದದ್ದು ಅರ್ಧ ಗಂಟೆಯ ಮೇಲೆ. ಗ್ರೀಸು ಹತ್ತಿದ ಕೈಯಲ್ಲೇ ಬಂದಿದ್ದ. ನನ್ನ ಅಂಗಿಯ ಮೇಲಿನ ರಕ್ತ ನೋಡಿದ, ಮುಖ ನೋಡಿದ. ಮೊದಲು ಕೈ ಮುಗಿದ. ಆಮೇಲೆ ಬೀದಿಯವರು ಯಾರೋ ಫೋನಿನಲ್ಲಿ ಸೈಕಲ್ಲಿನವರು ಗುದ್ದಿದ್ದು ಎಂದು ಹೇಳಿದರೆಂದು ಕಾಣುತ್ತದೆ, ವಾಪಸು ಬಂದು ಎದುರಿಗೆ ನಿಂತ.

'ನೀವು ಗುದ್ದಿಲ್ಲ ಅಂದ್ರೆ ಮತ್ತೆ ಯಾಕ್ ನಿಂತ್ಕೊಂಡ್ರಿ ಮೇಡಂ?'

'ಬಿದ್ದಿದ್ರಲ್ರೀ, ಅದಕ್ಕ ನಿಂತೆ' ಎಂದೆ.

ಅವನು ನಂಬಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲವೇನೋ.

ಮರುದಿನ ಠಾಣೆಗೆ ಕರೆದರು. ಆ ರಸ್ತೆಯ ಒಂದು ಮನೆಯ ಕ್ಯಾಮೆರಾದಲ್ಲಿ ಎಲ್ಲವೂ ಇದೆ, ಬೇಕಾದದ್ದು ಒಂದು ಬಿಟ್ಟು. ಪೆಟ್ಟು ಬಿದ್ದ ಜಾಗಕ್ಕೆ ಟೆಂಪೋ ಅಡ್ಡವಿದೆ. ನೀಲಿ ಜೆರ್ಸಿಗಳು ಟೆಂಪೋ ಹಿಂದೆ ಹೋಗುತ್ತವೆ, ಆ ಕಡೆಯಿಂದ ಹೊರಬರುತ್ತವೆ. ಎಲ್ಲ ಒಂದೇ ಬಟ್ಟೆ, ಒಂದೇ ಥರದ ಹೆಲ್ಮೆಟ್ಟು, ಯಾರ ಮುಖವೂ ಇಲ್ಲ. ಕೊನೆಗೆ ನಾನು ಬರುತ್ತೇನೆ. ಹಳದಿ ಅಂಗಿ, ಬೆನ್ನ ಮೇಲೆ ಖಣ. ನಾನೊಬ್ಬಳೇ ಟೆಂಪೋ ಹಿಂದೆ ಹೋಗಿ ಹೊರಗೆ ಬರುವುದಿಲ್ಲ. ಸಬ್ ಇನ್ಸ್‌ಪೆಕ್ಟರ್ ಅದನ್ನು ನನಗೆ ಎರಡು ಸಲ ತೋರಿಸಿದರು. ಒಳ್ಳೆಯ ಮಾತಿನಲ್ಲೇ ಕೇಳಿದರು, ನಿಮ್ಮ ಮುಂದೆ ಯಾರಿದ್ದರು ಎಂದು. ಮಳೆಹನಿ ಕಣ್ಣಿಗೆ ಬಿದ್ದಿತ್ತು, ನೋಡಲಿಲ್ಲ ಎಂದೆ. ನಿನಗಾಗಿ ಹಾಗೆ ಹೇಳಿದೆ. ಸಂಜೆಯೊಳಗೆ ನೀನೇ ಬಂದು ಹೇಳುತ್ತೀಯ ಎಂದು ನನಗೆ ಖಾತ್ರಿಯಿತ್ತು. ಅವರು ಸೈಕಲ್ಲು ಇಟ್ಟುಕೊಂಡರು, ಅಂಗಿಯನ್ನೂ ತರಿಸಿಕೊಂಡರು.

ಸಂಜೆ ನಿನ್ನ ಫೋನು ಆಫ್ ಆಯಿತು. ಅಷ್ಟರಲ್ಲಿ ನನ್ನನ್ನು ಗುಂಪಿನ ವಾಟ್ಸಾಪಿನಿಂದ ತೆಗೆದಿದ್ದರು.

ಎರಡು ದಿನ ಬಿಟ್ಟು ಸುಶ್ರುತ ಜೆಪಿ ನಗರದ ಒಂದು ದರ್ಶಿನಿಗೆ ಕರೆದರು. ಕಾಫಿ ತರಿಸಿಕೊಟ್ಟು, ಅಜ್ಜಿ ಹೇಗಿದ್ದಾರೆ ಎಂದು ಕೇಳಿದರು. ನಾನು ಹೇಳುತ್ತಿದ್ದರೆ ಅವರು ರಸ್ತೆ ನೋಡುತ್ತಿದ್ದರು. ಆಮೇಲೆ, ಗುಂಪಿನಲ್ಲಿ ಹೋಗುವಾಗ ಆದದ್ದು ಯಾರೋ ಒಬ್ಬರ ತಪ್ಪಾಗುವುದಿಲ್ಲ ಎಂದರು. ನಿನ್ನ ನಿಶ್ಚಿತಾರ್ಥ ಶ್ರಾವಣದಲ್ಲಿದೆ, ಹುಡುಗನ ಕಡೆಯವರು ಕೋರ್ಟು ಕಚೇರಿ ಎಂದರೆ ಹಿಂದೆ ಸರಿಯುವ ಜನ ಎಂದರು. ಬೈಕಿನವನು ಯಾರೋ ಗುದ್ದಿ ಹೋದ ಎಂದು ನಾನು ಹೇಳಿಬಿಟ್ಟರೆ ಎಲ್ಲರಿಗೂ ಒಳ್ಳೆಯದಂತೆ. ಆಗುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ.

'ಯೋಚ್ನೆ ಮಾಡಿ ಮಧುಮತಿ. ನಿಂತಿದ್ದು ನಿಮ್ಮ ಒಳ್ಳೇತನ, ಒಪ್ತೀನಿ. ಆದ್ರೆ ಕ್ಯಾಮೆರಾಲಿರೋದು ನೀವೊಬ್ರೇ' ಎಂದು ಬಿಲ್ಲು ಕೊಟ್ಟು ಹೋದರು.

ಅವರ ಮೇಲೆ ನನಗೆ ಬೇಸರವಿಲ್ಲ, ಅವರು ನನಗೆ ಯಾರು? ಆದರೆ ಮೊನ್ನೆ ಭಾನುವಾರ ಆಂಟಿ ಬಂದರು. ಬಿಟಿಎಂನ ಈ ರೂಮಿಗೆ ಅವರು ಬಂದದ್ದು ಅದೇ ಮೊದಲು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಕುರ್ಚಿ ಇಲ್ಲ ಎಂದು ಮಂಚದ ಮೇಲೆ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ನೀನು ಊಟ ಬಿಟ್ಟಿದ್ದೀಯ ಎಂದರು, ನಿದ್ದೆಯಲ್ಲಿ ಬೆಚ್ಚುತ್ತೀಯ ಎಂದರು. ಅಂಕಲ್‌ಗೆ ಬಿಪಿ ಏರಿದೆ ಎಂದರು. ನಾನು ಅವರ ಕಾಲ ಹತ್ತಿರ ನೆಲದ ಮೇಲೆ ಕೂತೆ, ಶನಿವಾರಗಳಲ್ಲಿ ಗುಂಡಿ ಹಚ್ಚಲು ಕೂರುತ್ತಿದ್ದಂತೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

'ನೀನು ನಿಂತೆ ಕಣಮ್ಮ. ನಿಂತೋಳಿಗೆ ಯಾರೂ ಏನೂ ಮಾಡಲ್ಲ. ನನ್ನ ಮಗಳು ನಿಲ್ದೆ ಹೋದ್ಲಲ್ಲ, ಅವಳನ್ನ ಬಿಡ್ತಾರಾ?'

ಅವರ ಕೈ ತಲೆಯ ಮೇಲೆಯೇ ಇತ್ತು. ನಾನೇ ಗುದ್ದಿದ್ದು ಎಂದು ಒಪ್ಪಿಕೋ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಲಕ್ಷ್ಮಿದೇವಮ್ಮನನ್ನು ಒಮ್ಮೆ ನೋಡಿ ಬನ್ನಿ ಆಂಟಿ ಎಂದೆ. ಎದ್ದು ಚಪ್ಪಲಿ ಹಾಕಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, ಇನ್ನು ಶನಿವಾರ ಮನೆಯ ಕಡೆ ಬರಬೇಡ, ಅಕ್ಕಪಕ್ಕದವರು ನೋಡುತ್ತಾರೆ ಎಂದರು.

ದಿನಾ ಆಫೀಸು ಮುಗಿಸಿ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಮೊದಲು ಲಕ್ಕಪ್ಪ ಒಳಗೆ ಬಿಡುತ್ತಿರಲಿಲ್ಲ. ಈಗ ಬೈಯುವುದನ್ನು ಬಿಟ್ಟಿದ್ದಾನೆ. ಮಾತೂ ಆಡುವುದಿಲ್ಲ. ಇವತ್ತು ಅವನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗು ಗಾಜಿನ ಬಾಗಿಲಿಗೆ ಅಂಗೈ ಒತ್ತಿ ಅಜ್ಜಿಯನ್ನು ಕರೆಯುತ್ತಿತ್ತು. ಕರೆದು ಕರೆದು ಸಾಕಾಗಿ, ತಾಯಿಯ ತೊಡೆಯ ಮೇಲೆ ಮಲಗಿಬಿಟ್ಟಿತು. ಲಕ್ಕಪ್ಪ ನನ್ನ ಕಡೆ ನೋಡಿದ. ಅವನಿಗೆ ಏನು ಹೇಳಲಿ? ಯಾರು ಎಂದು ನನಗೆ ಗೊತ್ತು, ಹೆಸರು ಬಾಯಲ್ಲೇ ಇದೆ ಎನ್ನಲೇ? ಅಲ್ಲಿಂದ ಬಂದವಳೇ ಈ ಪತ್ರ ಬರೆಯಲು ಕೂತೆ.

ಬಂದು ನೀನೇ ಹೇಳು, ಇಂಚರಾ. ರಸ್ತೆ ಒದ್ದೆಯಿತ್ತು, ಬ್ರೇಕ್ ಒತ್ತಿದೆ, ಹಿಡಿಯಲಿಲ್ಲ, ಹೆದರಿ ಹೋದೆ ಎಂದು ಹೇಳು. ಎಲ್ಲವೂ ನಿಜವೇ ಅಲ್ಲವೇ? ಬ್ರೇಕಿನ ಸದ್ದು ಕೇಳಿದ್ದೇನೆ, ನೀನು ಕಾಲೂರಿ ಹಿಂದೆ ನೋಡಿದ್ದನ್ನೂ ಕಂಡಿದ್ದೇನೆ, ನಾನೂ ಹೇಳುತ್ತೇನೆ. ಠಾಣೆಯ ಮೆಟ್ಟಿಲು ಹತ್ತುವಾಗ ನಿನ್ನ ಪಕ್ಕದಲ್ಲಿರುತ್ತೇನೆ. ನಿಶ್ಚಿತಾರ್ಥ ನಿಂತರೆ ನಿಲ್ಲಲಿ ಎನ್ನುವಷ್ಟು ನನಗೆ ಧೈರ್ಯವಿಲ್ಲ, ಅದು ನಿನ್ನ ಬದುಕು. ಆದರೆ ನೀನು ಮಾಡಿದ್ದನ್ನು ನಾನು ಹೊರುವುದಿಲ್ಲ. ನಮ್ಮವ್ವನಿಗೆ ಈ ಸುದ್ದಿ ಮುಟ್ಟಿದರೆ ಅವಳು ಬೆಂಗಳೂರಿಗೆ ಓಡಿ ಬಂದು ಲಕ್ಕಪ್ಪನ ಕಾಲು ಹಿಡಿಯುತ್ತಾಳೆ. ಮಾಡದ ತಪ್ಪಿಗೆ ನಮ್ಮವ್ವ ಯಾರ ಕಾಲನ್ನೂ ಹಿಡಿಯಬಾರದು.

ಸೋಮವಾರದವರೆಗೆ ಕಾಯುತ್ತೇನೆ. ಆಮೇಲೆ ನೋಡಿದ್ದನ್ನು ನೋಡಿದಂತೆ ನಾನೇ ಹೋಗಿ ಹೇಳುತ್ತೇನೆ. ಇದನ್ನು ಬೆದರಿಕೆ ಅಂದುಕೊಳ್ಳಬೇಡ. ನೀನು ಬರುತ್ತೀಯ ಎಂದು ಈಗಲೂ ನಂಬಿರುವವಳು ನಾನೊಬ್ಬಳೇ ಇರಬೇಕು.

ಊಟ ಬಿಡಬೇಡ.

ನಿನ್ನ,
ಮಧುಮತಿ

ತಾ.ಕ.: ಶುಕ್ರವಾರ ಸಂಜೆ. ಇದನ್ನು ಕವರಿಗೆ ಹಾಕಿ ಬೆಳಿಗ್ಗೆ ಅಂಚೆಗೆ ಹೊರಟಿದ್ದೆ, ಲಕ್ಕಪ್ಪನ ಹೆಂಡತಿಯ ಫೋನು ಬಂತು. ಲಕ್ಷ್ಮಿದೇವಮ್ಮ ತೀರಿಕೊಂಡರು. ಸೋಮವಾರದ ಮಾತು ಅಲ್ಲಿಗೆ ಮುಗಿಯಿತು. ಆಸ್ಪತ್ರೆಯಿಂದ ನೇರವಾಗಿ ಠಾಣೆಗೆ ಹೋದೆ. ಸುಶ್ರುತ ನಿನ್ನೆಯೇ ಅಲ್ಲಿಗೆ ಬಂದುಹೋಗಿದ್ದರಂತೆ. ಅವರೂ ಗುಂಪಿನ ಇನ್ನಿಬ್ಬರೂ, ಅಜ್ಜಿಗೆ ತಗುಲಿದ್ದು ನನ್ನ ಸೈಕಲ್ಲೇ ಎಂದು ಹೇಳಿಕೆ ಕೊಟ್ಟಿದ್ದಾರೆ. ಆ ದಿನ ಯಾರು ಯಾರು ಬಂದಿದ್ದರು ಎಂದು ಕೇಳಿದ್ದಕ್ಕೆ ಎಲ್ಲರ ಹೆಸರನ್ನೂ ಹೇಳಿದ್ದಾರೆ, ನಿನ್ನದೊಂದು ಬಿಟ್ಟು. ಅವರ ಪ್ರಕಾರ ಆ ಭಾನುವಾರ ನೀನು ಮನೆಯಿಂದಲೇ ಹೊರಟಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಮೊದಲ ದಿನ ಸುಳ್ಳು ಹೇಳಿದ್ದನ್ನೂ ಸೇರಿಸಿ. ಶವಪರೀಕ್ಷೆಯ ಕಾಗದಕ್ಕೆಂದು ಬಂದಿದ್ದ ಲಕ್ಕಪ್ಪ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ. ಯಾರನ್ನು ನಂಬಬೇಕೆಂದು ಅವನಿಗೆ ತೋಚಲಿಲ್ಲ. ಬರೆದುಕೊಳ್ಳುತ್ತಿದ್ದ ಮಹಿಳಾ ಪೇದೆ ನಿನ್ನ ಹೆಸರನ್ನು ಎಂದೂ ಕೇಳಿರಲಿಲ್ಲ, 'ಸಂಚಾರ' ಎಂದು ಬರೆದಿದ್ದರು. ಹಾಗಲ್ಲ ಮೇಡಂ, ಇಂಚರ ಎಂದರೆ ಹಕ್ಕಿಯ ದನಿ ಎಂದೆ. ಅವರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಒಂದೊಂದೇ ಅಕ್ಷರ ಹೇಳಿ ಬರೆಸಿದೆ. ಸರಿಯಾಗಿದೆಯೇ ಎಂದು ಓದಿ ನೋಡಿ, ಕೆಳಗೆ ಸಹಿ ಹಾಕಿದೆ.