ಏಲಕ್ಕಿ ಬ್ರೆಡ್ಡಿನ ಲಂಚ

ಡುಲೂತ್, ಮಿನ್ನೆಸೋಟ
೨೦ ಡಿಸೆಂಬರ್ ೧೯೯೭, ಶನಿವಾರ

ಪ್ರೀತಿಯ ಅಪ್ಪಾ,

ನಿಮ್ಮ ಹಡಗು ಕಂಪನಿಯ ವಕೀಲ ಗೇಲಾರ್ಡ್ ನಮ್ಮಜ್ಜಿ ಮಾಡಿದ ಬ್ರೆಡ್ಡನ್ನು ತಿಂದು, ಅದು ಲಂಚ ಎಂದು ಕಾಲೇಜಿಗೆ ಬರೆದಿದ್ದಾನೆ.

ಇದನ್ನು ಮೊದಲು ಬರೆಯದೆ ಕೈ ಮುಂದಕ್ಕೆ ಓಡಲಿಲ್ಲ. ನೀನು ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಸುಪೀರಿಯರ್ ಸರೋವರದ ಮೇಲೆ ಈ ವಾರ ಗಾಳಿ ಜೋರೆಂದು ರೇಡಿಯೋದಲ್ಲಿ ಹೇಳಿದರು. ಡೆಕ್ಕಿನ ಮಂಜುಗಡ್ಡೆ ಒಡೆಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೋ. ಈ ಕಾಗದ ಡೆಟ್ರಾಯಿಟ್‌ನ ಅಂಚೆ ದೋಣಿಯಿಂದ ನಿನ್ನ ಅದಿರು ಹಡಗಿಗೆ ಏರುವಷ್ಟರಲ್ಲಿ ಕ್ರಿಸ್‌ಮಸ್ ಮುಗಿದಿರುತ್ತದೆ.

ಕಳೆದ ವಾರ ಕಾಲೇಜಿನ ಲಕೋಟೆ ಬಂತು, ತೆಳ್ಳಗೆ. ಸೀಟು ಕೊಟ್ಟಿಲ್ಲ, ಕೊಡುವುದಿಲ್ಲ ಎಂದೂ ಹೇಳಿಲ್ಲ. ತೀರ್ಮಾನವನ್ನು ಏಪ್ರಿಲ್‌ಗೆ ಮುಂದೂಡಿದ್ದಾರೆ. ಶಾಲೆಯಲ್ಲಿ ನಮ್ಮ ಅರ್ಜಿಗಳನ್ನು ನೋಡಿಕೊಳ್ಳುವ ಮಿಸೆಸ್ ತೊರ್ಸನ್ ಕಾಲೇಜಿಗೆ ಫೋನ್ ಮಾಡಿ ಕಾರಣ ತಿಳಿದುಕೊಂಡರು. ಅಕ್ಟೋಬರ್‌ನಲ್ಲಿ ಕಾಲೇಜಿನ ಪರವಾಗಿ ನನ್ನ ಸಂದರ್ಶನ ಮಾಡಿದ್ದು ಈ ಗೇಲಾರ್ಡನೇ, ಆ ಕಾಲೇಜಿನ ಹಳೆಯ ವಿದ್ಯಾರ್ಥಿ. ಅವನ ಮನೆಗೆ ಹೊರಟಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, “ಕಾಫಿಗೆ ಕರೆದೋರ ಮನೆಗೆ ಬರಿಗೈಲಿ ಹೋಗ್ತೀಯೇನೇ? ನಾವೇನು ಕಾಡಿಂದ ಬಂದೋರಾ?” ಎಂದು ಏಲಕ್ಕಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನಮ್ಮ ಫಿನ್ನಿಶ್ ಬೀದಿಯಲ್ಲಿ ಇದು ಯಾರಿಗೆ ತಪ್ಪೆನಿಸುತ್ತದೆ ಹೇಳು? ಅವನು ನಾಲ್ಕು ಹೋಳು ತಿಂದ. “ಬೆಣ್ಣೆ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಅಲ್ವಾ ಮರಿ?” ಅಂದ. ಮಿಕ್ಕಿದ್ದನ್ನು ಬಟ್ಟೆ ಸಮೇತ ಒಳಗಿಟ್ಟ. ಆಮೇಲೆ ವರದಿಯಲ್ಲಿ ಬರೆದ: ‘ಹುಡುಗಿ ಉಡುಗೊರೆ ಕೊಟ್ಟು ಒಲಿಸಲು ನೋಡಿದಳು, ನಡತೆಯ ಬಗ್ಗೆ ಸಂಶಯವಿದೆ.’

“ಆಯ್ಲಿ, ಸಿಹಿಯಾಗಿ ಒಂದು ಪುಟ ಬರಿ. ಈಗಲೂ ನಿಮ್ಮ ಕಾಲೇಜೇ ಬೇಕು ಅನ್ನು. ಆ ವಿಷಯ ಮಾತ್ರ ಎತ್ತಬೇಡ” ಎನ್ನುತ್ತಾರೆ ಮಿಸೆಸ್ ತೊರ್ಸನ್. ನೀನೂ ಎಂದಿನಂತೆ “ಬಿಡೇ, ದೊಡ್ಡವರ ತಂಟೆ ನಮಗ್ಯಾಕೆ” ಎನ್ನುತ್ತೀಯ. ತಾತನ ಟ್ರಂಕಿನಲ್ಲಿರುವ ಕಾರ್ಮಿಕ ಸಂಘದ ಕರಪತ್ರಗಳನ್ನೆಲ್ಲ ನಾನು ಓದಿದ್ದೇನಪ್ಪಾ. ಒಂದರಲ್ಲೂ ‘ಬಿಡು’ ಎಂದು ಬರೆದಿಲ್ಲ. ಅಜ್ಜಿ ಒಂದು ವಾರದಿಂದ ಹಿಟ್ಟು ಮುಟ್ಟಿಲ್ಲ. “ನನ್ನಿಂದ ಮಗು ಓದು ಹಾಳಾಯ್ತು” ಎಂದು ತಣ್ಣಗಾದ ಒಲೆಯ ಮುಂದೆ ಕೂತಿರುತ್ತಾಳೆ. ಸೀಟು ತಡೆದದ್ದನ್ನಾದರೂ ಕ್ಷಮಿಸಿಯೇನು, ಇದನ್ನು ಕ್ಷಮಿಸಲಾರೆ. ಅವನು ನಮ್ಮಜ್ಜಿಯ ಮುಖ ನೋಡಿ “ತಿಂದೆ, ಸುಳ್ಳು ಬರೆದೆ” ಎನ್ನಬೇಕು. ಹಾಗೆನ್ನುವಾಗ ಅವನ ಕಿವಿ ಕೆಂಪಾಗುವುದನ್ನು ನಾನು ಹತ್ತಿರದಿಂದ ನೋಡಬೇಕು.

ಅಜ್ಜಿ ನಿನ್ನ ಹೆಸರು ಹೇಳಿಯೇ ಮಲಗುತ್ತಾಳೆ. ಎರಡು ಜೊತೆ ಕಾಲುಚೀಲ ಹಾಕಿಕೋ.

ನಿನ್ನ ಮಗಳು,
ಆಯ್ಲಿ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಸಿಹಿ ಪುಟವನ್ನು ಹರಿದು, ನಡೆದದ್ದನ್ನು ನಡೆದಂತೆ ಬರೆದು ಸೋಮವಾರವೇ ಕಾಲೇಜಿಗೆ ಕಳಿಸಿದೆ. ಒಂದು ಪ್ರತಿ ಗೇಲಾರ್ಡ್‌ಗೆ. ಅವನು ನಿನ್ನೆ ಶಾಲೆಗೆ ಫೋನ್ ಮಾಡಿ, “ಅವಳಪ್ಪನಿಗೆ ಮುಂದಿನ ವರ್ಷ ಹಡಗಿನ ಕೆಲಸ ಬೇಡ್ವಂತಾ?” ಎಂದು ಕೂಗಾಡಿದನಂತೆ. ಕೊನೆಗೆ ಮಿಸೆಸ್ ತೊರ್ಸನ್ ಮಾತಿಗೆ ಎದುರುಬದುರು ಕೂತು ಮಾತಾಡಲು ಒಪ್ಪಿದ್ದಾನೆ. ನನಗಿನ್ನೂ ಹದಿನೇಳು, ತಂದೆಯಿಲ್ಲದೆ ಶಾಲೆಯವರು ಸಭೆ ನಡೆಸುವುದಿಲ್ಲವಂತೆ. ಬರದಿದ್ದರೂ ಪರವಾಗಿಲ್ಲ ಎಂದು ಬರೆಯುವಷ್ಟು ಒಳ್ಳೆಯವಳಲ್ಲ ನಾನು. ನಿನ್ನ ಹಡಗು ಜನವರಿ ಹದಿನೈದಕ್ಕೆ ದಡ ಸೇರುತ್ತದೆ. ಮಿಸೆಸ್ ತೊರ್ಸನ್ ಕೋಣೆ, ಜನವರಿ ೧೬, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ.